ಬರೆಯದೆ ಬಿಟ್ಟ ಅಂಕಿಗಳು

ನೂರ ಅರವತ್ತೆರಡು, ಕೆಳಗೆ ನೂರ ಎಂಟು. ಐದು ನಿಮಿಷ ಬಿಟ್ಟು ನೋಡಿದರೆ ನೂರ ಐವತ್ತೆಂಟು, ಕೆಳಗೆ ನೂರ ನಾಲ್ಕು. ಆಮೇಲೆ ಎಡ ಮಗ್ಗುಲಿಗೆ ಮಲಗಿ, ಮೇಲಿದ್ದ ಬಲಗೈಗೆ ಬೀಪಿ ಮಿಷನ್ನಿನ ಪಟ್ಟಿ ಸುತ್ತಿ, ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದೆ. ನೂರ ನಲವತ್ತನಾಲ್ಕು, ಕೆಳಗೆ ತೊಂಬತ್ತೆರಡು. ಪುಸ್ತಕದಲ್ಲಿ ಬರೆದದ್ದು ಮೂರನೆಯದನ್ನು ಮಾತ್ರ. ಪೆನ್ಸಿಲಿನಲ್ಲಿ, ತಾರೀಖು ಮತ್ತು ವೇಳೆಯ ಸಮೇತ.

ಅದು ಒಂದು ಗುರುವಾರದ ಬೆಳಿಗ್ಗೆ, ಕಲ್ಯಾಣದುರ್ಗದ ನನ್ನ ತವರುಮನೆಯಲ್ಲಿ. ನಾನು ಬಸುರಿ; ಮೂವತ್ತಮೂರು ವಾರ ತುಂಬಿ ಒಂದು ದಿನವಾಗಿತ್ತು.

ನಾನು ಹಿಂದೂಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಲ್ಯಾಬಿನಲ್ಲಿ ಟೈಟ್ರೇಷನ್ ಮಾಡಿಸುವಾಗ ಪ್ರತಿ ವರ್ಷವೂ ಹೇಳುವ ಮಾತೊಂದಿದೆ: ಮೊದಲನೆಯ ರೀಡಿಂಗು ಬರೀ ಅಂದಾಜು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಮೇಲಿನ ಎರಡು ಒಂದಕ್ಕೊಂದು ಹೊಂದುವವರೆಗೆ ಮಾಡಿ. ಆ ಗುರುವಾರ ನಾನು ಮನಸ್ಸಿಗೆ ಹೇಳಿಕೊಂಡದ್ದು ಅದನ್ನೇ. ಆದರೆ ಹೊಂದುವವರೆಗೆ ಮಾಡಲಿಲ್ಲ. ಇಳಿಯುವವರೆಗೆ ಮಾಡಿದೆ. ಇದು ನನ್ನ ವಿದ್ಯಾರ್ಥಿಯ ರೆಕಾರ್ಡಿನಲ್ಲಿ ಕಂಡಿದ್ದರೆ ಹಾಳೆಗೆ ಅಡ್ಡಗೀಟು ಎಳೆದು ವಾಪಸು ಕೊಡುತ್ತಿದ್ದೆ.

ಬೀಪಿ ಇದೆ ಎಂದು ಗೊತ್ತಾದದ್ದು ಮೂವತ್ತನೆಯ ವಾರದಲ್ಲಿ. ಕಾಲುಂಗುರ ಬಿಗಿಯಾಗಿ, ಸೋಪು ಹಚ್ಚಿದರೂ ಬರದೆ, ಅದನ್ನು ತೋರಿಸಲೆಂದೇ ಹೋದವಳನ್ನು ಮೂರು ದಿನ ಹಿಂದೂಪುರದ ನರ್ಸಿಂಗ್ ಹೋಮಿನಲ್ಲಿ ಉಳಿಸಿಕೊಂಡರು. ಕಲ್ಯಾಣದುರ್ಗದಿಂದ ಅಮ್ಮ ಬಂದಳು. ಅಪ್ಪ ಹೋದ ಮೇಲೆ ಅಲ್ಲಿನ ಪಾತ್ರೆ ಅಂಗಡಿಯನ್ನು ಒಬ್ಬಳೇ ನಡೆಸುವವಳು ಅವಳು. ಹಿತ್ತಾಳೆ, ತಾಮ್ರ ತೂಗಿ ತೂಗಿ, ಕೈಯಲ್ಲೆತ್ತಿ ನೋಡಿದರೇ ಇಷ್ಟು ಗ್ರಾಂ ಎನ್ನುತ್ತಾಳೆ.

ನಮ್ಮ ಡಾಕ್ಟರಮ್ಮ ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಮೂರನೆಯ ದಿನ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು.

"ಮೂವತ್ತನಾಲ್ಕು ವಾರ ತುಂಬೋವರ್ಗೂ ಎಳೆಯೋಣ. ಆ ಬುಧವಾರ ಮುಟ್ಟಿದ್ರೆ ಆಪರೇಷನ್ ಮಾಡಿ ತೆಗೆದ್ಬಿಡ್ತೀನಿ. ಬೀಪಿ ಮಾತು ಕೇಳ್ಲಿಲ್ಲ ಅಂದ್ರೆ ಅದಕ್ಕೂ ಮುಂಚೆ."

ಅಮ್ಮ ಸೆರಗಿನೊಳಗೇ ಬೆರಳು ಮಡಿಸಿ ಎಣಿಸಿದಳು. "ಅಂಗಂದ್ರೆ ಎಂಟರಾಗೆ ಬತ್ತದಲ್ಲ ಮೇಡಂ. ಏಳಕ್ಕೆ ಹುಟ್ಟಿದ ಕೂಸಾದ್ರೂ ಉಳ್ಕಂತದೆ, ಎಂಟಕ್ಕೆ ಹುಟ್ಟಿದ್ದು ನಿಲ್ಲಾಕಿಲ್ಲ ಅಂತಾರೆ."

"ಅಂಗಾದ್ರೆ ಏಳಕ್ಕೇ ತೆಗೆದ್ಬಿಡ್ಲಾ? ಇವತ್ತೇ? ಥಿಯೇಟರು ಖಾಲಿ ಐತೆ."

"ಅಯ್ಯಯ್ಯೋ, ಅಂಗಂದೋಳಲ್ಲ ನಾನು!"

ಡಾಕ್ಟರು ನಕ್ಕರು. ಅಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ಓದಿದವಳ ಹಾಗೆ.

ಅಮ್ಮನ ಲೆಕ್ಕದಲ್ಲಿ ಒಂಬತ್ತನೆಯ ತಿಂಗಳು ಬೀಳುವುದು ಆ ಬುಧವಾರ ಕಳೆದ ಮೇಲಿನ ಸೋಮವಾರ. ಐದು ದಿನದ ವ್ಯತ್ಯಾಸ. ಅದನ್ನೂ ಅವಳು ಕೇಳಿಯೇ ಬಿಟ್ಟಳು. "ಬೀಪಿ ಸುಮ್ಕಿದ್ರೆ ಸೋಮವಾರಕ್ಕೆ ನಂದೇನೂ ತಕರಾರಿಲ್ಲಮ್ಮ. ಆದ್ರೆ ಬೀಪಿ ಕ್ಯಾಲೆಂಡರ್ ನೋಡಲ್ಲ," ಎಂದರು ಡಾಕ್ಟರು. ಯಾವ ದಿನವಾದರೂ ಮೂರು ದಿನ ಮೊದಲೇ ಬಂದು ಸೇರಬೇಕು, ಮಗುವಿನ ಉಸಿರಾಟಕ್ಕೆಂದು ನನಗೆ ಎರಡು ಇಂಜೆಕ್ಷನ್ ಕೊಡಬೇಕು, ಒಂದು ಕೊಟ್ಟ ಮಾರನೆಯ ದಿನ ಇನ್ನೊಂದು. ಕೊನೆಗೆ ನನ್ನತ್ತ ತಿರುಗಿ, "ನೂರ ಅರವತ್ತು ದಾಟಿದ್ರೆ, ತಲೆ ನೋಯ್ತಿದ್ರೆ, ಕಣ್ಮುಂದೆ ಮಿಂಚುಹುಳ ಕಂಡ್ರೆ ನನ್ನ ಕೇಳ್ತಾ ಕೂರ್ಬೇಡ. ಗಾಡಿ ಹತ್ತು," ಎಂದರು.

ಬಿಲ್ಲು ಆಗುವವರೆಗೆ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಗೋರಂಟ್ಲದ ಹೆಂಗಸೊಬ್ಬಳು ಮೋಸಂಬಿ ಸುಲಿಯುತ್ತಿದ್ದಳು. "ಎನ್ನೋ ನೆಲ ಅಮ್ಮಾ?" ಎಷ್ಟನೇ ತಿಂಗಳು, ಎಂದು ತೆಲುಗಿನಲ್ಲಿ ಕೇಳಿದಳು. ಶನಿವಾರಕ್ಕೆ ಎಂಟು ಬೀಳುತ್ತದೆ ಎಂದೆ. ಅವಳ ಕೈ ನಿಂತಿತು. "ಎನಿಮಿದಾ? ಮಾ ಚೆಲ್ಲಿಕಿ ಕೂಡಾ ಎನಿಮಿದಿಲೋನೇ..." ಎಂದವಳು ನನ್ನ ಹೊಟ್ಟೆಯ ಕಡೆ ನೋಡಿ ಮಾತು ನುಂಗಿದಳು. ಅವಳ ತಂಗಿಗೂ ಎಂಟರಲ್ಲೇ ಏನೋ ಆಗಿತ್ತು. ಏನೆಂದು ನಾನು ಕೇಳಲಿಲ್ಲ. "ನೀಕೇಂ ಕಾದುಲೇ," ನಿನಗೇನೂ ಆಗಲ್ಲ ಬಿಡು, ಎಂದು ಅರ್ಧ ಹಣ್ಣು ನನ್ನ ಕೈಗಿಟ್ಟಳು. ತಿಂದೆ. ಸಿಹಿಯಾಗಿತ್ತು. ಆ ಅರ್ಧ ಮಾತು ಮಾತ್ರ ಒಳಗೆ ಉಳಿಯಿತು.

ಇದನ್ನು ಯಾರಿಗೂ ಹೇಳಲಿಲ್ಲ. ನನ್ನ ಮನಸ್ಸಿನ ವಿಷಯಗಳನ್ನು ಹೇಳಿಕೊಂಡು ನನಗೆ ಅಭ್ಯಾಸವಿಲ್ಲ. ಎಂಟರ ಮಾತನ್ನು ನಾನು ನಂಬುತ್ತೇನೆಯೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೂ ಗೋಡೆಯ ಕ್ಯಾಲೆಂಡರಿನಲ್ಲಿ ಅಮ್ಮ ಅರಿಶಿನದ ಚುಕ್ಕೆ ಇಟ್ಟಿದ್ದ ಸೋಮವಾರವನ್ನು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದೆನೋ ನನಗೇ ಗೊತ್ತು.

ನನ್ನ ಗಂಡ ಮಂಜುನಾಥ್ ಪೆನುಕೊಂಡದ ಹತ್ತಿರದ ಕಾರು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಿಂದೂಪುರದ ಮನೆಯಲ್ಲಿ ನಾನು ಒಬ್ಬಳೇ ಇರುವುದು ಯಾರಿಗೂ ಸರಿ ಕಾಣಲಿಲ್ಲ. ಕಲ್ಯಾಣದುರ್ಗಕ್ಕೆ ಹೋಗುತ್ತೇನೆ ಎಂದಾಗ ಡಾಕ್ಟರು, "ಎರಡೂವರೆ ಗಂಟೆ ದಾರಿ ಅಮ್ಮಾಯಿ," ಎಂದು ಮುಖ ಸಣ್ಣಗೆ ಮಾಡಿ ಒಪ್ಪಿದರು. ವಾರಕ್ಕೊಮ್ಮೆ ಬಂದು ತೋರಿಸಬೇಕು, ದಿನಕ್ಕೆರಡು ಸಲ ಬೀಪಿ ನೋಡಿ ಸಂಜೆ ಫೋನಿಗೆ ಕಳಿಸಬೇಕು ಎಂಬುದು ಷರತ್ತು. ಮಂಜು ಮಿಷನ್ ತಂದುಕೊಟ್ಟರು. ಲ್ಯಾಬಿನ ಹಳೆಯ ರೆಕಾರ್ಡ್ ಪುಸ್ತಕದ ಖಾಲಿ ಹಾಳೆಗಳಲ್ಲಿ ನಾನು ಗೆರೆ ಎಳೆದುಕೊಂಡೆ.

ಮೊದಲ ಮೂರು ವಾರ ಬರೆದದ್ದೆಲ್ಲ ನಿಜ. ಬುಧವಾರ ಹೋಗಿ ತೋರಿಸಿ ಬಂದಾಗಲೂ, ಮಗು ಸ್ವಲ್ಪ ಸಣ್ಣದು ಎಂದದ್ದು ಬಿಟ್ಟರೆ, ಎಲ್ಲ ಸರಿಯಿತ್ತು. ಮಾರನೆಯ ಬೆಳಿಗ್ಗೆಯೇ ಆ ನೂರ ಅರವತ್ತೆರಡು.

ಗಾಡಿ ಹತ್ತು ಎಂದಿದ್ದರು. ನಾನು ಇನ್ನೊಮ್ಮೆ ಗುಂಡಿ ಒತ್ತಿದೆ.

ಎಡ ಮಗ್ಗುಲಿಗೆ ಮಲಗಿ ಮೇಲಿನ ಕೈಗೆ ಕಟ್ಟಿದರೆ ಬೀಪಿ ಕಡಿಮೆ ತೋರಿಸುತ್ತದೆ ಎಂದು ಡಾಕ್ಟರೇ ಒಮ್ಮೆ ಎಚ್ಚರಿಸಿದ್ದರು, ಹಾಗೆ ನೋಡಬೇಡ ಎನ್ನುವುದಕ್ಕೆ. ನಾನು ಅದನ್ನೇ ಹಿಡಿದುಕೊಂಡೆ. ಶುಕ್ರವಾರ ಬೆಳಿಗ್ಗೆ ನಾಲ್ಕು ಸಲ ನೋಡಬೇಕಾಯಿತು. ಅಷ್ಟು ಹೊತ್ತಿಗೆ ಇದು ಭಯದಿಂದ ಒಮ್ಮೆ ಆದ ತಪ್ಪಾಗಿ ಉಳಿದಿರಲಿಲ್ಲ. ರೂಢಿಯಾಗಿತ್ತು. ಪರದೆ ಎಳೆದುಕೊಂಡು, ಫ್ಯಾನು ಜೋರು ಮಾಡಿ ಕೂರುತ್ತಿದ್ದೆ. ಆ ಸಂಜೆ ಡಾಕ್ಟರಿಗೆ ನಾನೇ ಫೋನು ಮಾಡಿದೆ.

"ಮೇಡಂ, ಅಮ್ಮ ಹೇಳಿದ ಸೋಮವಾರಕ್ಕೇ ಇಟ್ಟುಕೊಳ್ಳಬಹುದಾ?"

"ನಿನ್ ರೀಡಿಂಗು ಚೆನ್ನಾಗವೆ. ಆಯ್ತು. ಮುಂದಿನ ಶುಕ್ರವಾರ ಬಂದು ಅಡ್ಮಿಟ್ ಆಗು. ಅಮ್ಮಂಗೆ ಹೇಳು, ಗೆದ್ಲು ಅಂತ."

ಬುಧವಾರವೆಂದೇ ಇದ್ದಿದ್ದರೆ ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರಿರುತ್ತಿದ್ದೆ. ಗುರುವಾರದ ನಿಜ ಹೇಳಿದ್ದರೆ ಶುಕ್ರವಾರಕ್ಕೇ ಎರಡೂ ಇಂಜೆಕ್ಷನ್ ಮುಗಿದಿರುತ್ತಿತ್ತು. ದಿನವನ್ನು ತೀರ್ಮಾನಿಸಿದ್ದು ಡಾಕ್ಟರು. ಆದರೆ ಅವರ ಮುಂದೆ ಇದ್ದದ್ದು ನಾನು ಆರಿಸಿ ಕಳಿಸಿದ ಅಂಕಿಗಳು.

ಭಾನುವಾರ ಬೆಳಿಗ್ಗೆ ಅಮ್ಮ ತಿಂಡಿಯ ತಟ್ಟೆ ಇಡುತ್ತಾ ನನ್ನ ಮುಖವನ್ನೇ ನೋಡಿದಳು.

"ಕಣ್ಣು ಊದ್ಕಂಡವಲ್ಲೇ. ಹಿಂದೂಪುರಕ್ಕೆ ಹೋಗ್ಬುಡಾನಾ?"

"ಅಮ್ಮ, ನಿನ್ನ ಸೋಮವಾರಕ್ಕೆ ಇನ್ನೂ ಎಂಟು ದಿನ ಇದೆ."

"ಸೋಮವಾರ ಹಾಳಾಗ್ಲಿ ಕಣಮ್ಮ. ಎಂಟೋ ಒಂಬತ್ತೋ ಶಿವ ನೋಡ್ಕಂತಾನೆ. ನಿನ್ ಮುಖ ಯಾಕೋ ಸರಿಗಿಲ್ಲ."

ನಾನು ಪುಸ್ತಕ ತೆಗೆದು ತೋರಿಸಿದೆ. ನೂರ ನಲವತ್ತೆರಡು, ನೂರ ನಲವತ್ತಾರು, ನೂರ ನಲವತ್ತನಾಲ್ಕು. ಅಮ್ಮ ಕನ್ನಡಕ ಏರಿಸಿ ಸಾಲುಗಳ ಮೇಲೆ ಬೆರಳು ಎಳೆದಳು. ತಕ್ಕಡಿಯಲ್ಲಿ ಬಂದ ಅಂಕಿಯನ್ನು ಎಂದೂ ಅನುಮಾನಿಸದವಳು. "ಸರಿ ಬಿಡು ಮತ್ತೆ," ಎಂದು ಎದ್ದಳು.

ಸೋಮವಾರ ಬೆಳಿಗ್ಗೆ ಏಳುವಾಗಲೇ ತಲೆಯ ಹಿಂದೆ ಯಾರೋ ಹಗ್ಗ ಬಿಗಿದ ಹಾಗಿತ್ತು. ಕ್ಯಾಲೆಂಡರು ನೋಡಿದೆ. ಅರಿಶಿನದ ಚುಕ್ಕೆ ಕಾಣಲಿಲ್ಲ. ಆ ಜಾಗದಲ್ಲಿ ಬೆಳ್ಳಗೆ ಏನೋ ಮಿಣುಕುತ್ತಿತ್ತು, ಕಣ್ಣು ಎತ್ತ ತಿರುಗಿಸಿದರೆ ಅತ್ತ. ಅಂದು ಒಂದೇ ಸಲ ನೋಡಿದೆ: ನೂರ ಎಪ್ಪತ್ತೆಂಟು. ಅದನ್ನು ಬರೆಯಲಿಲ್ಲ. "ಅಮ್ಮ, ಗಾಡಿ," ಎಂದೆ.

ದಾರಿಯಿಡೀ ಅಮ್ಮ ಒದ್ದೆ ಬಟ್ಟೆ ನನ್ನ ಹಣೆಗೆ ಒತ್ತಿ ಹಿಡಿದಿದ್ದಳು. ಪೆನುಕೊಂಡದ ತಿರುವಿನಲ್ಲಿ ಮಂಜು ಯೂನಿಫಾರ್ಮಿನಲ್ಲೇ ಹತ್ತಿಕೊಂಡರು. ಕೋಟೆಯ ಬೆಟ್ಟ ನನಗೆ ಎರಡಾಗಿ ಕಂಡಿತು. ಹೇಳಲಿಲ್ಲ.

ಹನ್ನೊಂದಕ್ಕೆ ಮೊದಲ ಇಂಜೆಕ್ಷನ್ ಬಿತ್ತು. ಎರಡನೆಯದಕ್ಕೆ ಮಾರನೆಯ ದಿನ ಹನ್ನೊಂದರವರೆಗೆ ತಡೆಯಲು ಡಾಕ್ಟರು ಪಟ್ಟ ಪಾಡು ನನಗೆ ಅರೆಬರೆ ನೆನಪಿದೆ: ಮೈಯೆಲ್ಲ ಬೆಂಕಿ ಹತ್ತಿದಂತೆ ಮಾಡುವ ಇನ್ನೊಂದು ಔಷಧ, ಹದಿನೈದು ನಿಮಿಷಕ್ಕೊಮ್ಮೆ ಬಿಗಿಯುವ ಪಟ್ಟಿ, ಪ್ರತಿ ಸಲವೂ ಅಂಕಿಯನ್ನು ಗಟ್ಟಿಯಾಗಿ ಕೂಗಿ ಹೇಳುವ ನರ್ಸು. ಅವಳು ಒಮ್ಮೆಯೂ ಎರಡನೇ ಸಲ ನೋಡಲಿಲ್ಲ. ನಾಲ್ಕು ಗಂಟೆಗೆ ಡಾಕ್ಟರು, "ಇನ್ನು ಆಗಲ್ಲ ಅಮ್ಮಾಯಿ. ನಿನ್ನನ್ನ ಕಳ್ಕೊಂಡು ದಿನ ಎಣಿಸೋಕಾಗಲ್ಲ," ಎಂದರು. ಐದೂವರೆಗೆ ಮಗಳು ಹುಟ್ಟಿದಳು. ಒಂದು ಕಿಲೋ ನಾನೂರ ಇಪ್ಪತ್ತು ಗ್ರಾಂ. ಅಳಲಿಲ್ಲ, ಬೆಕ್ಕಿನ ಮರಿಯ ಹಾಗೆ ಕುಯ್ ಎಂದಳು. ನನಗೆ ತೋರಿಸದೆಯೇ ಎತ್ತಿಕೊಂಡು ಹೋದರು.

ಅವಳಿಗೆ ಉಸಿರು ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಮಿಷನ್ನಿಗೆ ಹಾಕಿದರು. ಎರಡನೆಯ ಇಂಜೆಕ್ಷನ್ ಬಿದ್ದಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಎಷ್ಟೋ ದಿನದ ಮೇಲೆ ಮಕ್ಕಳ ಡಾಕ್ಟರನ್ನು ಕೇಳಿದೆ, ಬೇರೆ ಯಾರದೋ ವಿಷಯ ಕೇಳುವವಳ ಹಾಗೆ. "ಆಗ್ತಿರಲಿಲ್ವೇನೋ. ಆದ್ರೂ ಆಗ್ತಿತ್ತೇನೋ," ಎಂದರು. ಅದಕ್ಕಿಂತ ಹೆಚ್ಚು ನಿಖರವಾದ ಉತ್ತರ ಇಲ್ಲ ಎಂದು ಈಗ ಗೊತ್ತಿದೆ.

ಮಾರನೆಯ ದಿನ ನಾನು ವಾರ್ಡಿನಲ್ಲಿ ಮಲಗಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಮಂಜುವಿನ ದನಿ.

"ಅತ್ತೆ, ಎಂಟು ಎಂಟು ಅಂತ ಕೂತ್ಕೊಂಡ್ರಲ್ಲ. ಈಗ ನೋಡಿ. ಎಂಟ್ರಲ್ಲೇ ಹುಟ್ತು, ಅದೂ ಹಿಂಗೆ. ಓದಿದೋಳ್ನೂ ನಿಮ್ ದಾರಿಗೆ ತಂದ್ಬುಟ್ರಿ."

ನಾನು ಕಾದೆ. ಭಾನುವಾರ ಹೋಗೋಣ ಎಂದವಳು ನಾನೇ ಕಣಪ್ಪ, ನಿನ್ನ ಹೆಂಡತಿಯೇ ಒಪ್ಪಲಿಲ್ಲ ಎಂದು ಅಮ್ಮ ಹೇಳುತ್ತಾಳೆ ಎಂದುಕೊಂಡೆ.

"ಹೂಂ ಕಣಪ್ಪ," ಎಂದಳು ಅಮ್ಮ. "ನನ್ ಮಾತು ಕೇಳಿ ಕೆಟ್ಟೋಯ್ತು."

ಬಾಯಿ ತೆರೆದಿದ್ದರೆ ಸಾಕಿತ್ತು. ಹೊಲಿಗೆ ನೋಯುತ್ತಿತ್ತು, ಗಂಟಲು ಒಣಗಿತ್ತು, ಆದರೆ ಮಾತಾಡಲು ಬರುತ್ತಿತ್ತು. ಅರ್ಧ ಗಂಟೆಯ ಹಿಂದೆ ನರ್ಸನ್ನು ನೀರು ಕೇಳಿದ್ದೆ. ನಾನು ಗೋಡೆಯ ಕಡೆ ತಿರುಗಿದೆ. ರೌಂಡ್ಸಿಗೆ ಬಂದ ಡಾಕ್ಟರು ಕೂಡ ಅಮ್ಮನಿಗೆ, "ಸೋಮವಾರ ಸೋಮವಾರ ಅಂತಿದ್ರಿ, ಯಾವ ಸೋಮವಾರ ಬಂತು ನೋಡಿ," ಎಂದರು, ಬೈಗುಳವಲ್ಲ, ಬೇಸರ. ಆಗಲೂ ನಾನು ಸುಮ್ಮನಿದ್ದೆ. ಓದು ಬಾರದ ತಾಯಿಯ ಮೂಢನಂಬಿಕೆ ಎಂದರೆ ಎಲ್ಲರೂ ತಕ್ಷಣ ನಂಬುತ್ತಾರೆ. ಅದರ ಹಿಂದೆ ಎಂಥವರಾದರೂ ಅಡಗಿಕೊಳ್ಳಬಹುದು. ನಾನು ಅಡಗಿಕೊಂಡೆ.

ಮಗಳು ಮೂವತ್ತಾರು ದಿನ ಮಕ್ಕಳ ಐಸಿಯು ಒಳಗಿದ್ದಳು. ಗಾಜಿನ ಬಾಗಿಲ ಹೊರಗೆ ನಾವು ತಾಯಂದಿರು ಏಳೆಂಟು ಜನ, ಮೂರು ಗಂಟೆಗೊಮ್ಮೆ ಹಿಂಡಿದ ಹಾಲಿನ ಪುಟ್ಟ ಬಟ್ಟಲು ಹಿಡಿದು ಸಾಲಾಗಿ ಕೂರುತ್ತಿದ್ದೆವು. ಯಾರೂ ಯಾರನ್ನೂ ಏಕೆ ಹೀಗಾಯಿತು ಎಂದು ಕೇಳುತ್ತಿರಲಿಲ್ಲ. ಎಷ್ಟು ಗ್ರಾಂ ಏರಿತು ಎಂದಷ್ಟೇ ಕೇಳುತ್ತಿದ್ದರು. ಹತ್ತು ಗ್ರಾಂ ಎಂದರೆ ಇಡೀ ಬೆಂಚು ನಗುತ್ತಿತ್ತು. ಅದೊಂದು ದೊಡ್ಡ ಉಪಕಾರ. ಆರನೆಯ ದಿನ ಉಸಿರಿನ ಮಿಷನ್ ತೆಗೆದಾಗ, ನರ್ಸು ನನ್ನ ಕೈ ತೊಳೆಸಿ, ಒಂದು ಬೆರಳು ಒಳಗೆ ಹಾಕಲು ಬಿಟ್ಟಳು. ಮಗಳು ಬೆರಳನ್ನು ಹಿಡಿದುಕೊಂಡಳು. ನನ್ನನ್ನು ನಂಬಬೇಡ ಎಂದು ಹೇಳಬೇಕೆನಿಸಿತು.

ಈ ಬರಹವನ್ನು ಓದುತ್ತಿರುವವರಲ್ಲಿ ಯಾರಾದರೂ ಇವತ್ತು ಪರದೆ ಎಳೆದುಕೊಂಡು, ತೋಳಿಗೆ ಪಟ್ಟಿ ಸುತ್ತಿಕೊಂಡು ಕೂತಿರಬಹುದು. ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆ ಗುಂಡಿಯನ್ನು ಎರಡನೇ ಸಲ ಒತ್ತುವಾಗ ಎದೆಯೊಳಗೆ ಏನಾಗುತ್ತದೆ ಎಂಬುದು ಗೊತ್ತಿರುವ ಇನ್ನೊಬ್ಬಳು ಇದ್ದಾಳೆ ಎಂದಷ್ಟೇ ಹೇಳಬಲ್ಲೆ.

ಮಗಳನ್ನು ಮನೆಗೆ ಕರೆತಂದಾಗ ಬಾಣಂತನಕ್ಕೆ ಕಲ್ಯಾಣದುರ್ಗಕ್ಕೆ ಕಳಿಸುವ ಮಾತನ್ನೇ ಮಂಜು ಎತ್ತಲಿಲ್ಲ. ಅಮ್ಮನೇ ಅಂಗಡಿ ಮುಚ್ಚಿ ಹಿಂದೂಪುರಕ್ಕೆ ಬಂದಳು. ಮೊದಲ ದಿನ ಮಗುವನ್ನು ಎರಡೂ ಅಂಗೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, "ಎರಡು ಕಿಲೋ ಐತೆ. ಇಲ್ಲ, ಐವತ್ತು ಗ್ರಾಂ ಕಮ್ಮಿ," ಎಂದಳು. ಆಸ್ಪತ್ರೆಯ ಚೀಟಿಯಲ್ಲಿದ್ದದ್ದು ಸಾವಿರದ ಒಂಬೈನೂರ ಐವತ್ತು. "ನಮ್ಮಂಗಡೀಲಿರೋ ತುಂಬಿದ ಚೊಂಬಿನಷ್ಟು ತೂಕ ಇಲ್ಲ, ಗತ್ತು ನೋಡು," ಎಂದು ನಗಿಸಿದಳು. ಅಷ್ಟೇ. ಆಮೇಲೆ ಅವಳು ನಗಿಸಲಿಲ್ಲ. ಎಣ್ಣೆ ಹಚ್ಚಲೇ ಎಂದರೆ ಮಂಜು, "ಡಾಕ್ಟರ್ನ ಕೇಳ್ತೀನಿ ಇರಿ ಅತ್ತೆ." ಬಿಸಿಲಿಗೆ ಹಿಡಿಯಲೇ ಎಂದರೆ, "ನೀವು ಏನೂ ಮಾಡೋಕ್ಹೋಗ್ಬೇಡಿ ಅತ್ತೆ." ಮಗುವನ್ನು ಎತ್ತಿಕೊಳ್ಳುವ ಮುಂಚೆ ಅಮ್ಮ ಅಳಿಯನ ಮುಖ ನೋಡುವುದನ್ನು ಕಲಿತಳು. ಅಡುಗೆಮನೆಯಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡಿದಳು. ಎರಡು ವಾರ ಹೀಗೇ ಹೋಯಿತು. ಒಂದು ಮಧ್ಯಾಹ್ನ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾ, "ನಾಳೆ ಬೆಳಿಗ್ಗಿನ ಬಸ್ಸಿಗೆ ಹೋಯ್ತೀನಿ ಕಣಮ್ಮ. ಅಂಗ್ಡಿ ಬಾಗ್ಲು ಹಾಕಿ ಬಾಳ ದಿನ ಆಯ್ತು," ಎಂದಳು.

ಹೆರಿಗೆಯಾದ ಮೇಲೂ ನನ್ನ ಬೀಪಿ ಪೂರ್ತಿ ಇಳಿದಿರಲಿಲ್ಲ, ದಿನಕ್ಕೊಮ್ಮೆ ನೋಡಬೇಕಿತ್ತು. ಮಿಷನ್ ಮಂಚದ ಮೇಲೇ ಇತ್ತು. ಅದರಲ್ಲಿ ಹಳೆಯ ರೀಡಿಂಗುಗಳನ್ನು ತೋರಿಸುವ ಗುಂಡಿಯೊಂದಿದೆ. ನಾನು ಅದನ್ನು ಎಂದೂ ಒತ್ತಿರಲಿಲ್ಲ, ಅಳಿಸಿಯೂ ಇರಲಿಲ್ಲ. ಒತ್ತುತ್ತಾ ಹಿಂದಕ್ಕೆ ಹೋದೆ. ಆ ಐದು ದಿನ ಒಂದೊಂದಾಗಿ ಬಂತು, ತಾರೀಖು ಮತ್ತು ವೇಳೆಯ ಸಮೇತ. ಬರೆದದ್ದು, ಬರೆಯದ್ದು, ಎಲ್ಲವೂ. ಅಮ್ಮನಿಗೆ ಮಿಷನ್ ತೋರಿಸಿ ಹೇಳಿದೆ. ಎಷ್ಟು ಸಲ ನೋಡಿದೆ, ಯಾವುದನ್ನು ಬರೆದೆ, ಏಕೆ.

ಅಮ್ಮ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಕಣಮ್ಮ."

"ಏನು ಗೊತ್ತಿತ್ತು?"

"ಗಾಳಿ ತುಂಬ್ಕಳ್ಳೋ ಸದ್ದು. ಬುರ್ರ್ ಅಂತ ಒಂದ್ಸಲ, ಆಮೇಲಿನ್ನೊಂದ್ಸಲ, ಮತ್ತಿನ್ನೊಂದ್ಸಲ. ಫ್ಯಾನು ಹಾಕಿದ್ರೆ ಕೇಳಾಕಿಲ್ಲ ಅಂದ್ಕಂಡಾ? ತೂಕ ಮನಸ್ಸಿಗೆ ಬರ್ಲಿಲ್ಲ ಅಂದ್ರೆ ತಾನೆ ಜನ ಇನ್ನೊಂದ್ಸಲ ತಕ್ಕಡೀಲಿ ಇಡು ಅನ್ನಾದು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದ್ಕೇ ಭಾನುವಾರ ಹೋಗಾನಾ ಅಂತ ಕೇಳ್ದೆ. ಒಂದ್ಸಲ ಕೇಳ್ದೆ. ನೀನು ಪುಸ್ತಕ ತೋರ್ಸಿದ್ ಮ್ಯಾಲೆ ಎರಡ್ನೇ ಸಲ ಕೇಳ್ಲಿಲ್ಲ. ನಂಗೂ ಒಂಬತ್ತು ಬೀಳ್ಲಿ ಅನ್ನೋ ಆಸೆ ಒಳಗಿತ್ತು."

"ಮತ್ತೆ ಅವರು ಬೈದಾಗ ಯಾಕೆ ಸುಮ್ಮನಿದ್ದೆ?"

"ಮಂಜಪ್ಪಂಗೆ ಹೇಳ್ಬ್ಯಾಡ," ಎಂದಳು. "ನನ್ ಮ್ಯಾಲೇ ಇದ್ರೆ ಇರ್ಲಿ ಬಿಡು. ನಾನು ಊರಿಗೆ ಹೋಗೋಳು. ನೀನು ಇಲ್ಲಿ ಬಾಳೋಳು."

ಚೀಲವನ್ನು ಬಾಗಿಲ ಪಕ್ಕ ಇಟ್ಟು, ಮಗುವಿಗೆ ಬಿಸಿನೀರು ಕಾಯಿಸಲು ಹೋದಳು. ಅಂದು ಸಂಜೆ ಮಂಜು ಬಂದರು, ಊಟ ಮಾಡಿದರು, ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡರು. ಅಮ್ಮ ಹೇಳಿದ ಮಾತು ಎಷ್ಟು ಅನುಕೂಲವಾದದ್ದು ಎಂದು ನಾನು ಯೋಚಿಸುತ್ತಾ ಕೂತೆ.

ಮಾರನೆಯ ಬೆಳಿಗ್ಗೆ ಐದೂವರೆಗೆ ಮಂಜು ಯೂನಿಫಾರ್ಮ್ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಮಿಷನ್ ತಂದು ಅವರ ಎದುರಿಗೆ ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಪಟ್ಟಿ ಸುತ್ತಿಕೊಂಡು ಗುಂಡಿ ಒತ್ತಿದೆ. ಬುರ್ರ್ ಎಂದಿತು. ನೂರ ನಲವತ್ತೆಂಟು, ಕೆಳಗೆ ತೊಂಬತ್ತನಾಲ್ಕು. ಗಟ್ಟಿಯಾಗಿ ಓದಿದೆ.

"ಜಾಸ್ತಿ ಐತಲ್ಲ," ಎಂದರು ಮಂಜು. "ಇನ್ನೊಂದ್ಸಲ ನೋಡು."

"ಇಲ್ಲ," ಎಂದೆ. ಪುಸ್ತಕ ತೆಗೆದು ಪೆನ್ನಿನಲ್ಲಿ ಬರೆದೆ. ಆಮೇಲೆ ಮಿಷನ್ನನ್ನು ಅವರ ಕಡೆಗೆ ತಿರುಗಿಸಿ, ಹಳೆಯ ಹಾಳೆಗಳನ್ನು ಅದರ ಪಕ್ಕಕ್ಕೆ ತೆರೆದಿಟ್ಟೆ. "ಈ ಗುಂಡಿ ಒತ್ತುತ್ತಾ ಹಿಂದಕ್ಕೆ ಹೋಗಿ. ಪುಸ್ತಕದ ಜೊತೆ ಹೋಲಿಸಿ ನೋಡಿ. ಅಮ್ಮ ಭಾನುವಾರವೇ ಹೋಗೋಣ ಎಂದಳು. ನಾನು ಒಪ್ಪಲಿಲ್ಲ."

ಅಮ್ಮ, "ಲೇ," ಎಂದಳು, ಅಷ್ಟೇ.

ಹೊರಗೆ ಕಾರ್ಖಾನೆಯ ಬಸ್ಸಿನ ಹಾರನ್ ಕೇಳಿಸಿತು. ಮಂಜು ಏಳಲಿಲ್ಲ. ದಿನವಿಡೀ ಅಳತೆ ಹೋಲಿಸುವುದೇ ಕೆಲಸವಾಗಿರುವವರು. ಒಂದು ಬೆರಳನ್ನು ಪುಸ್ತಕದ ಸಾಲಿನ ಮೇಲಿಟ್ಟು, ಇನ್ನೊಂದರಿಂದ ಗುಂಡಿ ಒತ್ತುತ್ತಾ ಹೋದರು. ಆ ಗುರುವಾರದ ನೂರ ಅರವತ್ತೆರಡು ಬರುವವರೆಗೂ ನಾನು ಅಲ್ಲೇ, ಅವರ ಎದುರಿಗೇ ಕೂತಿದ್ದೆ. ಎದ್ದು ಒಳಗೆ ಹೋಗಲಿಲ್ಲ.